ಪೆನ್ ಡ್ರೈವಿನಲ್ಲಿ ನಡೆದದ್ದು ನೆಟ್‌ವರ್ಕಿನಲ್ಲಿ ನಿಂತುದೇಕೆ?

ಈ ಸ್ಮರಣ ಸಂಚಿಕೆಗೋಸ್ಕರ ಹಳೇ ವಿದ್ಯಾರ್ಥಿನಿಯರ ಹೆಸರು ವಿಳಾಸಗಳ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದಾಗ ನಮಗೊದಗಿದ ಒಂದು ತೊಡಕನ್ನು ವಾಚಕರ ಮುಂದಿಡುತ್ತೇವೆ. ನಮ್ಮಲ್ಲಿ ಓದಿ ಹೋದವರಲ್ಲಿ ಅನೇಕರು ಈಗ ಕಛೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಗಣಕಯಂತ್ರದ ಮುಂದೆ ಕುಳಿತು ಕೆಲಸಮಾಡತಕ್ಕವರಾದುದರಿಂದ ಇದು ಅವರಿಗೆ ಉಪಯೋಗಕ್ಕೆ ಬಂದೀತು.

ಸಾಧಾರಣವಾದ ತಂತ್ರಾಂಶವು ಗಣಕದಲ್ಲಿ ಸ್ಥಾಪಿಸಲ್ಪಡುವಾಗ ತನ್ನ ಸಾಮಾನುಗಳನ್ನು ಹಲವು ಕಡೆಗಳಲ್ಲಿ ಹರಡಿಕೊಳ್ಳುವುದು. ಕೆಲವು ಸಂಗತಿಗಳನ್ನು ವಿಂಡೋಸಿನ ರಿಜಿಸ್ಟ್ರಿಯಲ್ಲಿಯೂ ಬರೆದಿಡುವುದು. ಪೋರ್ಟೆಬಲ್ ತಂತ್ರಾಂಶವೋ, ಹಾಸ್ಟೆಲಿಗೆ ಟ್ರಂಕು ಹೊತ್ತು ಬರುವ ಹುಡುಗಿಯಂತೆ ತನಗೆ ಬೇಕಾದುದನ್ನೆಲ್ಲ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಂಡು ಬರುವುದು. ಪೆನ್ ಡ್ರೈವನ್ನು ಸಿಕ್ಕಿಸಿದರಾಯಿತು, ಯಾವ ಗಣಕದಲ್ಲಿಯಾದರೂ ನಡೆಯುವುದು. ಯಾವ ಗಣಕದಲ್ಲಿಯಾದರೂ ಎಂಬುದನ್ನು ಯಾವ ಸ್ಥಳದಿಂದಾದರೂ ಎಂದು ನಾವು ಅರ್ಥಮಾಡಿಕೊಂಡದ್ದೇ ತಪ್ಪಾಯಿತು. ಎರಡು ಮೇಜುಗಳಿಂದ ಇಬ್ಬರು ಪಟ್ಟಿ ಬರೆಯಲಿ ಎಂದು ಆ ಫೋಲ್ಡರನ್ನು ಸರ್ವರಿನ ಮೇಲಿಟ್ಟು, ಅದಕ್ಕೆ ‘ಝಡ್’ ಎಂಬ ಡ್ರೈವಿನ ಅಕ್ಷರವನ್ನು ಕೊಟ್ಟೆವು. ಒಂದು ಮೇಜಿನಲ್ಲಿ ತಂತ್ರಾಂಶವು ತೆರೆಯಿತು. ಇನ್ನೊಂದರಲ್ಲಿ ಕ್ಷಣಮಾತ್ರ ಕಾಣಿಸಿಕೊಂಡು ಮಾಯವಾಯಿತು.

ಇಂಥಾ ಸಂದರ್ಭದಲ್ಲಿ ಮೊದಲು ಮಾಡತಕ್ಕ ಪರೀಕ್ಷೆ ಬಹು ಸುಲಭವಾದುದು. ಇಡೀ ಫೋಲ್ಡರನ್ನು ಆ ಗಣಕದ ಸ್ವಂತ ಡಿಸ್ಕಿಗೆ ನಕಲುಮಾಡಿ ಅಲ್ಲಿಂದ ನಡೆಸಿ ನೋಡಬೇಕು. ಅಲ್ಲಿ ನಡೆದರೆ ತಂತ್ರಾಂಶದ ಪ್ರತಿಯಲ್ಲಿ ಕೇಡಿಲ್ಲ, ಅದು ಇರುವ ಸ್ಥಳದಲ್ಲಿಯೋ ಅಲ್ಲಿಗೆ ಹೋಗುವ ದಾರಿಯಲ್ಲಿಯೋ ತೊಡಕಿದೆ ಎಂದು ತಿಳಿಯುವುದು. ನಾವು ಇದನ್ನು ಬಿಟ್ಟು ಅದೇ ತಂತ್ರಾಂಶವನ್ನು ಮೂರಾವರ್ತಿ ಹೊಸದಾಗಿ ಇಳಿಸಿಕೊಂಡೆವು.

ತರುವಾಯ, ಆ ಫೋಲ್ಡರಿನಲ್ಲಿ ಬರೆಯಲು ಅನುಮತಿಯಿದೆಯೇ ಎಂದು ನೋಡತಕ್ಕದ್ದು. ಪೋರ್ಟೆಬಲ್ ತಂತ್ರಾಂಶವು ತನ್ನ ಏರ್ಪಾಡುಗಳನ್ನು ಸಾಮಾನ್ಯವಾಗಿ ತನ್ನ ಪಕ್ಕದಲ್ಲಿಯೇ ಬರೆದುಕೊಳ್ಳುವುದರಿಂದ, ಓದುವ ಅನುಮತಿ ಮಾತ್ರವಿದ್ದರೆ ಕೆಲವು ತಂತ್ರಾಂಶಗಳು ಒಂದು ಮಾತನ್ನೂ ಹೇಳದೆ ಮುಚ್ಚಿಕೊಳ್ಳುವುವು. ಅಲ್ಲೊಂದು ಖಾಲಿ ಫೈಲನ್ನು ಉಂಟುಮಾಡಲು ಯತ್ನಿಸಿದರೆ ಈ ಸಂಶಯ ತೀರುವುದು. ನಮ್ಮ ಎರಡನೆಯ ಮೇಜಿನ ರೋಗ ಇದೇ ಆಗಿತ್ತು.

ಬಾಗಿಲು ತೆರೆಯದಿದ್ದಾಗ ಹಲವರ ಕೈ ‘ಅಡ್ಮಿನಿಸ್ಟ್ರೇಟರ್ ಆಗಿ ನಡೆಸು’ ಎಂಬಲ್ಲಿಗೆ ಹೋಗುವುದು. ನಮ್ಮ ಕೈಯೂ ಹೋಯಿತು; ಆಗ ಝಡ್ ಡ್ರೈವೇ ಇಲ್ಲವೆಂಬ ಉತ್ತರ ಬಂದಿತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಿಂದೀಚೆಗೆ, ಅಧಿಕಾರವುಳ್ಳ ಬಳಕೆದಾರನಿಗೆ ಸಾಧಾರಣವಾದುದೊಂದು, ಮೇಲಣ ಅಧಿಕಾರದ್ದೊಂದು ಎಂದು ಎರಡು ಪ್ರವೇಶಗಳುಂಟು. ಒಂದರಲ್ಲಿ ಕೊಟ್ಟ ಡ್ರೈವಿನ ಅಕ್ಷರವು ಇನ್ನೊಂದಕ್ಕೆ ಕಾಣಿಸದು. ಅಕ್ಷರದ ಬದಲಿಗೆ ಎರಡು ಓರೆಗೆರೆಗಳಿಂದ ಆರಂಭವಾಗುವ ಸರ್ವರಿನ ಪೂರ್ಣ ವಿಳಾಸವನ್ನು ಕೊಡೋಣವೆಂದರೆ ಅಲ್ಲಿಯೂ ಒಂದು ತೊಡಕು: ವಿಂಡೋಸಿನ ಹಳೆಯ ಆಜ್ಞಾಕಿಟಕಿಯು ಅಂಥಾ ವಿಳಾಸವನ್ನು ತಾನು ನಿಂತಿರುವ ಸ್ಥಳವೆಂದು ಒಪ್ಪದೆ, ವಿಂಡೋಸಿನ ಸ್ವಂತ ಫೋಲ್ಡರಿಗೆ ಹೋಗಿ ನಿಲ್ಲುವುದು. ಅಲ್ಲಿ ಬ್ಯಾಚ್ ಫೈಲು ತನ್ನ ಪಕ್ಕದ ಸಾಮಾನುಗಳನ್ನು ಹುಡುಕಿದರೆ ಸಿಕ್ಕುವುದೆಲ್ಲಿ? ‘ಪುಶ್‌ಡಿ’ ಎಂಬ ಆಜ್ಞೆಯು ತಾತ್ಕಾಲಿಕವಾದ ಅಕ್ಷರವನ್ನು ಕೊಟ್ಟು ಈ ಕಷ್ಟವನ್ನು ಕಳೆಯುವುದು.

ನಡೆಯುತ್ತಿದ್ದ ತಂತ್ರಾಂಶವು ನಡುವೆ ಒಮ್ಮೆಲೆ ಬಿದ್ದುಹೋದರೆ ತಂತಿಯನ್ನೋ ವೈಫೈಯನ್ನೋ ಶಂಕಿಸಬೇಕು. ವಿಂಡೋಸು ತಂತ್ರಾಂಶವನ್ನೆಲ್ಲ ಮೊದಲೇ ಸ್ಮರಣೆಗೆ ತಂದಿಡುವುದಿಲ್ಲ. ಬೇಕುಬೇಕಾದ ಪುಟವನ್ನು ಬೇಕಾದಾಗ ತರಿಸಿಕೊಳ್ಳುವುದು. ಆ ಹೊತ್ತಿಗೆ ಸರಿಯಾಗಿ ಸಂಪರ್ಕ ಕಡಿದರೆ ಪುಟ ಬಾರದು.

ಇವೆಲ್ಲ ಸಮಯವನ್ನು ಮಾತ್ರ ತಿನ್ನುವ ದೋಷಗಳು. ನಿಜವಾದ ನಷ್ಟವಾದದ್ದು ಬರೆಯುವ ಅನುಮತಿಯನ್ನು ಪಡೆದು ಎರಡು ಮೇಜುಗಳಲ್ಲಿಯೂ ಎಲ್ಲವೂ ಸರಿಯಾಯಿತೆಂದು ಸಂತೋಷಪಟ್ಟ ಮೇಲೆ. ನಮ್ಮ ತಂತ್ರಾಂಶವು ಪಟ್ಟಿಯನ್ನು ಎಸ್‌ಕ್ಯೂಎಲೈಟ್ ಎಂಬ ದತ್ತಸಂಗ್ರಹದಲ್ಲಿಡುವಂಥಾದ್ದು. ಒಬ್ಬರು ಬರೆಯುವಾಗ ಮತ್ತೊಬ್ಬರು ಬರೆಯದಂತೆ ಅದು ಫೈಲಿಗೆ ಬೀಗ ಹಾಕುವುದು; ಆದರೆ ನೆಟ್‌ವರ್ಕಿನಲ್ಲಿ ಆ ಬೀಗವು ಯಾವಾಗಲೂ ನಂಬತಕ್ಕದ್ದಲ್ಲವೆಂದು ಅದನ್ನು ರಚಿಸಿದವರೇ ಎಚ್ಚರಿಸಿದ್ದಾರೆ. ಅದರಲ್ಲಿ 2010ರಲ್ಲಿ ಸೇರಿಸಲ್ಪಟ್ಟ ‘ವಾಲ್’ ಎಂಬ ರೀತಿಯಂತೂ, ಬಳಸುವವರೆಲ್ಲರೂ ಒಂದೇ ಗಣಕದ ಸ್ಮರಣೆಯನ್ನು ಹಂಚಿಕೊಳ್ಳಬೇಕೆಂದು ನಿಯಮಿಸುವುದು. ನಮ್ಮದು ಆ ರೀತಿಯದೇ ಆಗಿತ್ತು. ಇಬ್ಬರೂ ಒಂದು ಮಧ್ಯಾಹ್ನವೆಲ್ಲಾ ಶ್ರದ್ಧೆಯಿಂದ ಬರೆದರು. ಸಂಜೆ ಪಟ್ಟಿ ತೆರೆಯಲಿಲ್ಲ. ಬೆಳಗಿನ ನಕಲೊಂದು ಪೆನ್ ಡ್ರೈವಿನಲ್ಲಿ ಉಳಿದಿದ್ದುದು ನಮ್ಮ ಜಾಣತನದಿಂದಲ್ಲ, ಅಳಿಸಲು ಮರೆತದ್ದರಿಂದ.

ಈಗ ತಂತ್ರಾಂಶವು ಎರಡು ಗಣಕಗಳ ಸ್ವಂತ ಡಿಸ್ಕುಗಳಲ್ಲಿದೆ. ಒಂದೇ ಮೇಜಿನಲ್ಲಿ ಬರೆಯಲಾಗುವುದು, ಮತ್ತೊಂದರಲ್ಲಿ ಓದಲಾಗುವುದು. ಸಂಜೆ ತಂತ್ರಾಂಶವನ್ನು ಪೂರ್ತಿ ಮುಚ್ಚಿದ ಮೇಲೆಯೇ ಪಟ್ಟಿಯ ನಕಲು ಸರ್ವರಿಗೆ ಹೋಗುವುದು. ಏಕಕಾಲದಲ್ಲಿ ಹಲವರು ಬರೆಯಲೇಬೇಕಾದಲ್ಲಿ ಸರ್ವರಿನಲ್ಲಿಯೇ ನಡೆಯತಕ್ಕ ಪೋಸ್ಟ್‌ಗ್ರೆಸ್‌ನಂಥಾ ದತ್ತಸಂಗ್ರಹವು ಬೇಕು. ನಮ್ಮ ಚಿಕ್ಕ ಕೆಲಸಕ್ಕೆ ಅಷ್ಟು ಬೇಡವೆಂದು ಎಣಿಸಿದೆವು.

ಆ ಮಧ್ಯಾಹ್ನ ಬರೆಯಲ್ಪಟ್ಟ ವಿಳಾಸಗಳಲ್ಲಿ ಕೆಲವನ್ನು ನೆನಪಿನಿಂದಲೂ ಕಾಗದದ ಚೀಟಿಗಳಿಂದಲೂ ಮತ್ತೆ ಕೂಡಿಸಿದ್ದೇವೆ, ಎಲ್ಲವೂ ಸಿಕ್ಕಲಿಲ್ಲ. ವಿಳಾಸವನ್ನು ಕೊಟ್ಟಿದ್ದರೂ ಯಾರ ಹೆಸರಾದರೂ ಈ ಸಂಚಿಕೆಯ ಪಟ್ಟಿಯಲ್ಲಿ ಕಾಣದಿದ್ದರೆ ಅವರು ಬೇಸರಪಡದೆ ಇನ್ನೊಮ್ಮೆ ಬರೆದು ಕಳುಹಿಸಬೇಕಾಗಿ ಕೇಳಿಕೊಳ್ಳುತ್ತೇವೆ. ಮದುವೆಯಾದ ಮೇಲೆ ಹೆಸರು ಬದಲಾಗಿದ್ದಲ್ಲಿ ಶಾಲೆಯಲ್ಲಿದ್ದ ಹೆಸರನ್ನೂ ಜೊತೆಯಲ್ಲಿ ತಿಳಿಸಿರಿ.