ಯಂತ್ರವು ನಿಂತಾಗ: ವಿಹಾರೋದ್ಯಾನಕ್ಕೆ ಹೋಗುವವರಿಗೆ ಒಂದು ಪಾಠ



ಶಾಲೆಯ ಪ್ರವಾಸವೆಂಬುದು ಪಾಠಕ್ಕೆ ದೊರೆತ ಬಿಡುವಲ್ಲ, ಪಾಠದ ಒಂದು ಭಾಗವೇ ಆಗಿದೆ. ನಮ್ಮ ಹುಡುಗಿಯರು ನಂದಿಬೆಟ್ಟವನ್ನೂ, ವಿಶ್ವೇಶ್ವರಯ್ಯನವರ ಜನ್ಮಸ್ಥಳವಾದ ಮುದ್ದೇನಹಳ್ಳಿಯನ್ನೂ, ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ 1938ರಲ್ಲಿ ಮಡಿದವರ ಸ್ಮಾರಕವನ್ನೂ ನೋಡಿ ಬರುವುದುಂಟು. ಆದರೆ ಪ್ರವಾಸದ ಮಾತು ಬಂದೊಡನೆ ಈಗಿನ ಮಕ್ಕಳ ಬಾಯಿಂದ ಮೊದಲು ಹೊರಡುವ ಹೆಸರು ಬೆಂಗಳೂರಿನಾಚೆ ಮೈಸೂರು ರಸ್ತೆಯ ಬಿಡದಿಯ ಸಮೀಪದಲ್ಲಿ 2005ರಲ್ಲಿ ತೆರೆದ ವಂಡರ್‌ಲಾ ಎಂಬ ವಿಹಾರೋದ್ಯಾನದ್ದು. ಇದರಲ್ಲಿ ತಪ್ಪೇನೂ ಇಲ್ಲ. ಆಟವೂ ದೇವರು ಮಕ್ಕಳಿಗಿತ್ತ ವರವೇ. ಆದರೆ ಆ ಆಟಕ್ಕೂ ಒಂದು ಸಿದ್ಧತೆ ಬೇಕು. ಅದನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತೇನೆ.

1. ಈ ಪಾಠದ ಅಗತ್ಯ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ತಾಯಿ, ಚಿಂತಾಮಣಿಯ ಕಡೆಯಲ್ಲಿ ಟೊಮೇಟೊ ಬೆಳೆಯುವ ತಂದೆ, ಮಗಳ ಪ್ರವಾಸದ ಹಣವನ್ನು ಒಂದೇ ದಿನದಲ್ಲಿ ಎತ್ತಿಕೊಡಲಾರರು. ವಾರವಾರವೂ ಸ್ವಲ್ಪಸ್ವಲ್ಪವಾಗಿ ಕೂಡಿಸಿದ ಹಣವದು. ಹುಡುಗಿಯು ರಾತ್ರಿಯೆಲ್ಲ ನಿದ್ರೆಯಿಲ್ಲದೆ, ಕತ್ತಲಿರುವಾಗಲೇ ಎದ್ದು, ಗಂಟೆಗಟ್ಟಲೆ ಬಸ್ಸಿನಲ್ಲಿ ಕುಳಿತು ಉದ್ಯಾನಕ್ಕೆ ಹೋಗುತ್ತಾಳೆ. ಅಲ್ಲಿ ತಾನು ಆರು ತಿಂಗಳಿಂದ ಕನಸು ಕಂಡ ಆಟದ ಮುಂದೆ ಹಗ್ಗ ಕಟ್ಟಿ "ಮುಚ್ಚಿದೆ" ಎಂದು ಫಲಕ ತೂಗುಹಾಕಿರುವುದನ್ನು ಕಾಣುತ್ತಾಳೆ. ಬೇರೊಂದರ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ಮುಂಭಾಗವನ್ನು ತಲಪಿದಾಗ ಅದೂ ನಿಲ್ಲುತ್ತದೆ. ಇಷ್ಟರಲ್ಲಿ ಮಳೆ ಬಂದರೆ ಮತ್ತೆ ನಾಲ್ಕು ಆಟಗಳು ನಿಲ್ಲುತ್ತವೆ.

"ಮಿಸ್, ನಾವು ಹಣ ಕೊಟ್ಟಿದ್ದೇವಲ್ಲ, ಮತ್ತೇಕೆ ನಿಲ್ಲಿಸಿದರು?" ಎಂದು ಹುಡುಗಿಯರು ಕೇಳುತ್ತಾರೆ. ಈ ಪ್ರಶ್ನೆ ನ್ಯಾಯವಾದದ್ದು. "ಸುಮ್ಮನಿರು" ಎನ್ನುವುದು ಅದಕ್ಕೆ ಉತ್ತರವಲ್ಲ. ಕಾರಣವನ್ನು ಬಲ್ಲ ಮಗುವು ತಾಳ್ಮೆಯನ್ನು ಬೇಗ ಕಲಿಯುತ್ತದೆ.

2. ಯಂತ್ರಗಳು ನಿಲ್ಲುವ ಕಾರಣಗಳು

ಮೊದಲನೆಯದು, ಯಂತ್ರದ ಸ್ವಂತ ಎಚ್ಚರಿಕೆ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿಗಳ ಮಾರ್ಗವಾಗಿ ಕೋಲಾರಕ್ಕೆ ಹೋಗುವ ರೈಲು ಹಿಂದೆ ಕಿರುಹಳಿಯ ಮೇಲೆ ಓಡುತ್ತಿದ್ದು, 2013ರಲ್ಲಿ ದೊಡ್ಡ ಹಳಿಗೆ ಬಂದುದನ್ನು ತಾವು ಬಲ್ಲಿರಿ. ಒಂಟಿ ಹಳಿಯ ದಾರಿಯಲ್ಲಿ ಎದುರಿನ ಗಾಡಿ ಬರುವ ತನಕ ನಿಲ್ದಾಣದಲ್ಲಿ ಕಾಯುತ್ತಾರಷ್ಟೆ. ಒಂದು ವಿಭಾಗದಲ್ಲಿ ಒಂದೇ ಗಾಡಿ ಇರಬೇಕೆಂಬುದು ಅಲ್ಲಿಯ ನಿಯಮ. ಮಕ್ಕಳು ಮೆಚ್ಚುವ ರೋಲರ್ ಕೋಸ್ಟರಿನ ನಿಯಮವೂ ಇದೇ. ಒಂದೇ ಹಳಿಯ ಮೇಲೆ ಎರಡು ಮೂರು ಬಂಡಿಗಳು ಓಡುವ ಕಡೆ ಹಳಿಯನ್ನು ಹಲವು ವಿಭಾಗಗಳಾಗಿ ಮಾಡಿರುತ್ತಾರೆ. ಮುಂದಿನ ವಿಭಾಗ ಖಾಲಿಯಾಗಿದೆಯೆಂದು ಖಚಿತವಾಗುವ ತನಕ ಹಿಂದಿನ ಬಂಡಿಯನ್ನು ಬಿಡುವುದಿಲ್ಲ. ಹಳಿಯುದ್ದಕ್ಕೂ ಇಟ್ಟ ಸಂವೇದಕಗಳಲ್ಲಿ ಒಂದು ಸಂಶಯದ ಉತ್ತರ ಕೊಟ್ಟರೂ ಗಣಕಯಂತ್ರವು ಎಲ್ಲವನ್ನೂ ನಿಲ್ಲಿಸುತ್ತದೆ. ಭುಜದ ಮೇಲಿನ ಅಡ್ಡಪಟ್ಟಿ ಸರಿಯಾಗಿ ಬಿಗಿಯದಿದ್ದರೂ ಬಂಡಿ ಹೊರಡದು. ವಿದ್ಯುತ್ತು ಹೋದಾಗ ಬಿಗಿ ಸಡಿಲುವ ಬದಲು ತಾನಾಗಿ ಬಿಗಿಯುವಂತೆ ಅದರ ಬ್ರೇಕುಗಳನ್ನು ರಚಿಸಿರುತ್ತಾರೆ. ಆದಕಾರಣ ನಿಂತ ಯಂತ್ರವೆಲ್ಲ ಕೆಟ್ಟ ಯಂತ್ರವೆಂದು ತಿಳಿಯಬಾರದು. ಅನೇಕ ವೇಳೆ ಅದು ತನ್ನ ಕರ್ತವ್ಯವನ್ನು ಮಾಡಿದ ಯಂತ್ರ.

ಎರಡನೆಯದು, ಗಾಳಿ, ಮಳೆ, ಸಿಡಿಲು. 20 ಮೀಟರ್ ಎತ್ತರದಿಂದ ಜಾರುವ ಬಂಡಿಯು, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಕೆಳಗೆ ಬರುವಾಗ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗವನ್ನು ಪಡೆಯುತ್ತದೆ. ಹತ್ತನೆಯ ತರಗತಿಯ ಹುಡುಗಿಯರು ಇದನ್ನು ತಾವೇ ಲೆಕ್ಕ ಮಾಡಬಹುದು. ಬ್ರೇಕು ನೆನೆದರೆ ಹಿಡಿತ ಕಡಿಮೆಯಾಗುವುದೆಂಬುದನ್ನು ಸೈಕಲ್ ತುಳಿಯುವವರೆಲ್ಲರೂ ಬಲ್ಲರು. ಇನ್ನು ಸಿಡಿಲಿನ ವಿಷಯ. ಮಿಂಚು ಕಂಡ ಮೇಲೆ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗೆ ಇದೆಯೆಂದು ಅರ್ಥ. ಆಗ ಎತ್ತರದ ಜಾಗವೂ ನೀರಿನ ಕೊಳವೂ ಅಪಾಯದ ಸ್ಥಳಗಳು. ಕೊನೆಯ ಗುಡುಗು ಕೇಳಿಸಿದ ನಂತರವೂ 30 ನಿಮಿಷ ಕಾಯಬೇಕೆಂಬುದು ಪಂಡಿತರ ಮತ. ಮಳೆ ನಿಂತು ಬಿಸಿಲು ಬಂದ ಮೇಲೂ ಆಟವನ್ನು ಏಕೆ ತೆರೆಯಲಿಲ್ಲವೆಂದು ಗೊಣಗುವವರು ಇದನ್ನು ನೆನಪಿನಲ್ಲಿಡತಕ್ಕದ್ದು.

ಮೂರನೆಯದು, ನಾವೇ. ಒಬ್ಬಳ ಕೈಯಿಂದ ಮೊಬೈಲು ಹಳಿಯ ಮೇಲೆ ಬಿದ್ದರೆ, ಒಬ್ಬಳು ಹೊಟ್ಟೆ ತುಂಬ ಉಂಡು ಹೋಗಿ ವಾಂತಿ ಮಾಡಿಕೊಂಡರೆ, ಒಬ್ಬಳು ಬೇಡವೆಂದ ಮೇಲೂ ದುಪಟ್ಟಾವನ್ನು ಹಾರಾಡಿಸಿಕೊಂಡು ಕುಳಿತರೆ, ಆಟವನ್ನು ನಿಲ್ಲಿಸಲೇಬೇಕು. ಹರಿಯಾಣದ ಪಿಂಜೋರಿನಲ್ಲಿ 2018ರಲ್ಲಿ ಮನರಂಜನೆಯ ಪುಟ್ಟ ಕಾರಿನ ಚಕ್ರಕ್ಕೆ ಕೂದಲು ಸಿಕ್ಕಿ ಓರ್ವ ಮಹಿಳೆಯ ಪ್ರಾಣವೇ ಹೋಯಿತು. ಹೆಣ್ಣುಮಕ್ಕಳ ತಾಯಂದಿರು ಜಡೆ, ದುಪಟ್ಟಾ, ಕಾಲ್ಗೆಜ್ಜೆ, ಕೊರಳ ಸರಗಳ ವಿಷಯದಲ್ಲಿ ಮನೆಯಲ್ಲೇ ಎಚ್ಚರಿಕೆ ಹೇಳಿ ಕಳುಹಿಸಬೇಕು.

3. ನಿಲ್ಲಿಸಬೇಕಾದಾಗ ನಿಲ್ಲಿಸದಿದ್ದರೆ

ಇಂಗ್ಲೆಂಡಿನ ಆಲ್ಟನ್ ಟವರ್ಸ್ ಎಂಬ ಉದ್ಯಾನದಲ್ಲಿ 2015ರ ಜೂನ್ 2ರಂದು ನಡೆದ ಸಂಗತಿಯನ್ನು ಪ್ರತಿಯೊಬ್ಬ ಪೋಷಕರೂ ತಿಳಿದಿರುವುದು ಒಳ್ಳೆಯದು. ಅಂದು ಅಲ್ಲಿಯ ಒಂದು ರೋಲರ್ ಕೋಸ್ಟರ್ ದೋಷದಿಂದ ನಿಂತಿತ್ತು, ಜನರು ಕಾಯುತ್ತಿದ್ದರು. ಪರೀಕ್ಷೆಗಾಗಿ ಬಿಟ್ಟ ಖಾಲಿ ಬಂಡಿಯೊಂದು ಹಳಿಯ ತಗ್ಗಿನಲ್ಲಿ ನಿಂತುಬಿಟ್ಟಿತು. ಗಣಕಯಂತ್ರವು ಇದನ್ನರಿತು, 16 ಜನರಿದ್ದ ಮತ್ತೊಂದು ಬಂಡಿಯನ್ನು ದಾರಿಯಲ್ಲೇ ತಡೆಯಿತು. ಆದರೆ ಕೆಲಸಗಾರರು ಹಳಿಯ ಮೇಲೆ ಬಂಡಿ ಇರುವುದನ್ನು ತಿಳಿಯದೆ, ಯಂತ್ರವೇ ತಪ್ಪಿದೆಯೆಂದು ಭಾವಿಸಿ, ಅದರ ತಡೆಯನ್ನು ಮೀರಿ ಬಂಡಿಯನ್ನು ಬಿಟ್ಟರು. ಎರಡೂ ಡಿಕ್ಕಿ ಹೊಡೆದುವು. ಇಬ್ಬರು ಯುವತಿಯರು ತಲಾ ಒಂದು ಕಾಲನ್ನು ಕಳೆದುಕೊಂಡರು. 2016ರಲ್ಲಿ ನ್ಯಾಯಾಲಯವು ಅದರ ಒಡೆಯರಿಗೆ 50 ಲಕ್ಷ ಪೌಂಡುಗಳ ದಂಡವನ್ನು ವಿಧಿಸಿತು.

ನಮ್ಮ ದೇಶದಲ್ಲಿಯೂ ಅಹಮದಾಬಾದಿನ ಕಾಂಕರಿಯಾದಲ್ಲಿ 2019ರ ಜುಲೈ 14ರಂದು ಉಯ್ಯಾಲೆಯಂತೆ ತೂಗುವ ಯಂತ್ರವೊಂದು ಮುರಿದುಬಿದ್ದು 2 ಜನರು ಮೃತರಾದರು. 20ಕ್ಕಿಂತ ಹೆಚ್ಚು ಜನರು ಗಾಯಗೊಂಡರು.

ಇವನ್ನು ಮಕ್ಕಳನ್ನು ಹೆದರಿಸುವುದಕ್ಕಾಗಿ ಹೇಳಲಿಲ್ಲ. ಇಂಥ ಉದ್ಯಾನಗಳಲ್ಲಿ ದಿನವೂ ಸಾವಿರಾರು ಜನರು ಸುಖವಾಗಿ ಆಡಿ ಮನೆಗೆ ಮರಳುತ್ತಾರೆ. ಅವರು ಹಾಗೆ ಮರಳುವುದಕ್ಕೆ, ಬೆಳಗ್ಗೆ ಖಾಲಿ ಬಂಡಿಯನ್ನು ಓಡಿಸಿ ನೋಡುವ, ಸಂಶಯ ಬಂದೊಡನೆ ನಿಲ್ಲಿಸುವ ಕೆಲಸಗಾರರು ಕಾರಣ. ನಿಂತ ಯಂತ್ರದ ಬಳಿಯಿರುವ ಆ ತರುಣನನ್ನು "ಒಂದೇ ಒಂದು ಸಲ ಬಿಡಪ್ಪಾ, ದೂರದಿಂದ ಬಂದಿದ್ದೇವೆ" ಎಂದು ಬೇಡುವುದೂ, ಗದರಿಸುವುದೂ, ಕೈಯಲ್ಲಿ ಹಣವಿಡುವುದೂ ಸಲ್ಲದ ನಡತೆ. ಅವನು ನಮ್ಮ ಮಾತಿಗೆ ಮಣಿದರೆ ನಮ್ಮ ಮಕ್ಕಳಿಗೇ ಕೇಡು. ನಂದಿಯ ಶಿವರಾತ್ರಿ ಜಾತ್ರೆಯ ಜೈಂಟ್ ವೀಲಿಗೂ ಇದೇ ಮಾತು ಸಲ್ಲುತ್ತದೆ. ಗಾಳಿ ಬೀಸಿದಾಗ ನಿಲ್ಲಿಸುವವನನ್ನು ಬಯ್ಯದೆ, ನಿಲ್ಲಿಸದವನ ಬಳಿಗೆ ಮಕ್ಕಳನ್ನು ಕಳುಹಿಸದಿರುವುದು ವಿವೇಕ.

4. ಹೊರಡುವ ಮುನ್ನ

ಯಾವ ಆಟಗಳು ದುರಸ್ತಿಗಾಗಿ ಮುಚ್ಚಿವೆಯೆಂದು ಹಿಂದಿನ ದಿನವೇ ಉದ್ಯಾನದ ಕಚೇರಿಗೆ ದೂರವಾಣಿ ಮಾಡಿ ಕೇಳಬೇಕು. ಆಟ ನಿಂತರೆ ಹಣ ಹಿಂದಕ್ಕೆ ಬರುವುದೋ ಇಲ್ಲವೋ ಎಂಬ ನಿಯಮವನ್ನು ಟಿಕೆಟ್ಟು ಕೊಳ್ಳುವ ಮೊದಲೇ ಓದಬೇಕು. ದೂರು ಇದ್ದರೆ ಅದನ್ನು ಹೇಳಬೇಕಾದವರು ಕಚೇರಿಯಲ್ಲಿರುತ್ತಾರೆ; ಯಂತ್ರದ ಬಳಿಯ ಕೂಲಿಯವನ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಸೀಮೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಸಾಮಾನ್ಯ. ಸೆಪ್ಟೆಂಬರ್, ಅಕ್ಟೋಬರ್ ಬೆಂಗಳೂರಿನ ದೊಡ್ಡ ಮಳೆಯ ಕಾಲ. ಇದನ್ನು ನೋಡಿ ದಿನವನ್ನು ಗೊತ್ತುಮಾಡಬೇಕು.

ಪ್ರತಿಯೊಬ್ಬ ಹುಡುಗಿಯೂ ಒಂದು ಚೀಟಿಯಲ್ಲಿ ಮೂರು ಆಟಗಳ ಹೆಸರನ್ನು ಬರೆದಿಟ್ಟುಕೊಳ್ಳಲಿ. ಮೂರರಲ್ಲಿ ಎರಡು ದೊರೆತರೆ ಅದು ಒಳ್ಳೆಯ ದಿನವೆಂದು ಹೊರಡುವ ಮೊದಲೇ ಮನಸ್ಸಿಗೆ ಹೇಳಿಕೊಳ್ಳಲಿ. ಎಲ್ಲವೂ ಬೇಕೆಂದು ಹೋದವಳಿಗೆ ಮುಚ್ಚಿದ ಒಂದೇ ಆಟವು ದಿನವನ್ನೆಲ್ಲ ಕೆಡಿಸುತ್ತದೆ.

5. ಉದ್ಯಾನದಲ್ಲಿ

ಬಯಲಿನಲ್ಲಿರುವ ಎತ್ತರದ ಆಟಗಳಿಗೆ ಮೋಡ ಕವಿಯುವ ಮೊದಲೇ, ಸಾಲು ಬೆಳೆಯುವ ಮೊದಲೇ ಹೋಗಬೇಕು. ಛಾವಣಿಯ ಕೆಳಗಿನ ಆಟಗಳನ್ನು ಮಳೆಗಾಗಿ ಉಳಿಸಿಕೊಳ್ಳಬೇಕು. ಆಟ ನಿಂತರೆ, ಎಷ್ಟು ಹೊತ್ತಾಗುವುದೆಂದು ಮರ್ಯಾದೆಯಿಂದ ಒಮ್ಮೆ ಕೇಳಬೇಕು. ನಿಶ್ಚಯವಾದ ಉತ್ತರ ಬಾರದಿದ್ದರೆ ಕಾಲು ಗಂಟೆಗಿಂತ ಹೆಚ್ಚು ಕಾಯದೆ ಮುಂದಕ್ಕೆ ಹೋಗಿ, ಊಟದ ಅನಂತರ ಮತ್ತೊಮ್ಮೆ ಬಂದು ನೋಡಬೇಕು. ಬುತ್ತಿಯ ಊಟಕ್ಕೂ ನೀರು ಕುಡಿಯುವುದಕ್ಕೂ ಇಂಥ ಬಿಡುವೇ ತಕ್ಕ ಸಮಯ. ತಂಡ ಚದರಬಾರದು, ಸೇರುವ ಸ್ಥಳವೊಂದನ್ನು ಬೆಳಗ್ಗೆಯೇ ತೋರಿಸಿರಬೇಕು.

ಯಂತ್ರ ಕೆಡದಿದ್ದರೂ ಕೆಲವರಿಗೆ ಆಟವು ಮುಚ್ಚಿಯೇ ಇರುವುದುಂಟು. ಎತ್ತರ ಸಾಲದೆ ಅಳತೆಕೋಲಿನ ಬಳಿಯಿಂದ ಹಿಂದಿರುಗಿದ ಆರನೆಯ ತರಗತಿಯ ಮಗು, ಆ ದಿನ ನೀರಿಗಿಳಿಯಲಾಗದ ಹುಡುಗಿ, ಭಯದಿಂದ ಹಿಂಜರಿದವಳು, ಇವರನ್ನು ನಾವು ಮರೆಯಬಾರದು. ಇವರಿಗಾಗಿ ಒಬ್ಬ ಉಪಾಧ್ಯಾಯಿನಿ ಬೇರೊಂದು ಯೋಜನೆಯೊಡನೆ ಸಿದ್ಧರಾಗಿರಬೇಕು. ಎಲ್ಲರೆದುರಿಗೆ ಕಾರಣವನ್ನು ಕೇಳಕೂಡದು. ಒಂದು ವರ್ಷ ನಮ್ಮ ಮಕ್ಕಳು ಹೋಗಿದ್ದ ಉದ್ಯಾನವೊಂದರಲ್ಲಿ ದೊಡ್ಡ ಆಟ ನಿಂತಾಗ, ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ತಮ್ಮ ಸರದಿಗಾಗಿ ಕಾಯುವುದನ್ನು ಬಿಟ್ಟು, ಇಂಥ ಚಿಕ್ಕ ಮಕ್ಕಳನ್ನು ಕರೆದುಕೊಂಡು ಮರದ ಕುದುರೆಗಳ ಆಟಕ್ಕೆ ಹೋದರು. ಹಿಂದಿರುಗುವಾಗ ಬಸ್ಸಿನಲ್ಲಿ ಹೆಚ್ಚು ಹಾಡಿದವರು ಈ ಗುಂಪಿನವರೇ.

6. ಮುಚ್ಚಿದ ದಾರಿಗಳು

ಬೆಟ್ಟವೂ ಒಮ್ಮೊಮ್ಮೆ ಮುಚ್ಚುತ್ತದೆ. 2021ರ ಆಗಸ್ಟ್ ತಿಂಗಳಲ್ಲಿ ಭೂಕುಸಿತದಿಂದ ನಂದಿಬೆಟ್ಟದ ದಾರಿ ಕೊಚ್ಚಿಹೋದಾಗ ದೂರದೂರದಿಂದ ಬಂದವರು ಹಿಂದಕ್ಕೆ ಹೋಗಬೇಕಾಯಿತು. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಪೌಲನು ಬಿಥೂನ್ಯಕ್ಕೆ ಹೋಗಬೇಕೆಂದಿದ್ದು, ಆ ದಾರಿ ಮುಚ್ಚಲ್ಪಟ್ಟು, ತ್ರೋವಕ್ಕೆ ಬಂದು, ಅಲ್ಲಿಂದ ಮಕೆದೋನ್ಯಕ್ಕೆ ದಾಟಿದನೆಂದು ಓದುತ್ತೇವೆ. ಫಿಲಿಪ್ಪಿಯಲ್ಲಿ ಬಣ್ಣದ ವಸ್ತ್ರಗಳನ್ನು ಮಾರುತ್ತಿದ್ದ ಲುದ್ಯಳೆಂಬ ಸ್ತ್ರೀಯ ಪರಿಚಯವಾದದ್ದು ಈ ತಡೆಯಿಂದಲೇ. ಅಪೊಸ್ತಲನ ಪ್ರಯಾಣವೂ ಮಕ್ಕಳ ವಿಹಾರವೂ ಸಮಾನವೆಂದು ನಾನು ಹೇಳುವುದಿಲ್ಲ. ಆದರೆ ತಡೆ ಬಂದಾಗ ಅಲ್ಲೇ ಕುಳಿತು ಗೊಣಗದೆ, ತೆರೆದಿರುವ ಕಡೆಗೆ ತಿರುಗುವ ಗುಣವನ್ನು ಚಿಕ್ಕ ವಿಷಯಗಳಲ್ಲಿ ಕಲಿತವಳು ದೊಡ್ಡ ವಿಷಯಗಳಲ್ಲಿ ಕಂಗೆಡುವುದಿಲ್ಲ.

7. ಮುಖ್ಯವಾದ ಮಾತು

ನಮ್ಮ ಹುಡುಗಿಯರು ಎಂದೆಂದಿಗೂ ಸಾಲಿನಲ್ಲಿ ನಿಂತು ಕಾಯುವವರೇ ಆಗಿರುವುದಿಲ್ಲ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಆಸ್ಪತ್ರೆಯಲ್ಲಿ ದಾದಿಯರಾದವರು, ಶಾಲೆಗಳಲ್ಲಿ ಪಾಠ ಹೇಳುವವರು, ಉಡುಪಿನ ಕಾರ್ಖಾನೆಗಳಲ್ಲಿ ಮೇಲ್ವಿಚಾರಣೆ ಮಾಡುವವರು ಇದ್ದೀರಿ. ಔಷಧದ ಪ್ರಮಾಣದಲ್ಲಿ ಸಂಶಯ ಬಂದಾಗ ಸೂಜಿಯನ್ನು ಕೆಳಗಿಡುವ, ಮಕ್ಕಳನ್ನು ತುಂಬಿದ ಬಸ್ಸಿನ ಚಾಲಕನು ನಿದ್ದೆಗಣ್ಣಿನಲ್ಲಿದ್ದರೆ ಹೊರಡಬೇಡವೆನ್ನುವ, ಹೊಗೆಯ ವಾಸನೆ ಬಂದ ಯಂತ್ರವನ್ನು ಆರಿಸುವ ಹೊಣೆ ನಿಮ್ಮದು. ಆಗ ಹಿಂದೆ ಸಾಲಿನಲ್ಲಿರುವವರು ಗೊಣಗುವರು, ಮೇಲಿನವರು ಅವಸರಪಡಿಸುವರು. ಶಿಡ್ಲಘಟ್ಟದ ತಾಯಂದಿರನ್ನು ಕೇಳಿರಿ: ಎಳೆ ಕಡಿದಾಗ ಕೈ ತಡೆದು ಅದನ್ನು ಕೂಡಿಸಿದವಳ ನೂಲು ಒಳ್ಳೆಯ ಬೆಲೆಗೆ ಹೋಗುತ್ತದೆ, ಕಡಿದದ್ದನ್ನು ಕಾಣದಂತೆ ಸುತ್ತಿದವಳ ನೂಲು ಮಗ್ಗದಲ್ಲಿ ಬಯಲಾಗುತ್ತದೆ.

ಪರರು ನಿಲ್ಲಿಸಿದಾಗ ಗೌರವದಿಂದ ಕಾಯಲು ಕಲಿತ ಹುಡುಗಿಯೇ, ತನ್ನ ಸರದಿ ಬಂದಾಗ ಅಂಜದೆ ನಿಲ್ಲಿಸಬಲ್ಲಳು.

ಮನೆಯಲ್ಲಿ ಮಕ್ಕಳೊಡನೆ ಮಾತನಾಡತಕ್ಕ ಪ್ರಶ್ನೆಗಳು

(1) ಮಿಂಚು ಕಂಡ 12 ಸೆಕೆಂಡುಗಳ ಮೇಲೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು ಎಷ್ಟು ದೂರದಲ್ಲಿದೆ? ಆಗ ಕೊಳದಲ್ಲಿರಬಹುದೇ? (ಶಬ್ದವು 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ಸಾಗುತ್ತದೆ.)

(2) ನಿನ್ನ ಚೀಟಿಯಲ್ಲಿನ ಮೊದಲನೆಯ ಆಟವೇ ಮುಚ್ಚಿದ್ದರೆ ಆ ಹೊತ್ತನ್ನು ಯಾರೊಡನೆ, ಹೇಗೆ ಕಳೆಯುವೆ?

(3) ನಮ್ಮ ಮನೆಯ ಕೆಲಸದಲ್ಲಿ, ಅವಸರವಿದ್ದರೂ ನಿಲ್ಲಿಸಲೇಬೇಕಾದ ಸಂದರ್ಭ ಯಾವುದು? ಅದನ್ನು ನಿಲ್ಲಿಸುವವರು ಯಾರು?

ಮುಂದಿನ ಪ್ರವಾಸಕ್ಕೆ ಹೊರಡುವ ನಮ್ಮ ಮಕ್ಕಳನ್ನು ದೇವರು ಹೋಗುವಾಗಲೂ ಬರುವಾಗಲೂ ಕಾಪಾಡಲಿ.