ಆಡು-ಹುಲಿ, ಆತಕೂರಿನ ನಾಯಿ ಮತ್ತು ಒಂದು ಹೊಸ ಆಟ

ಆಟವೆಂದೊಡನೆ ಓಟ, ನೆಗೆತ, ಚೆಂಡು, ದಾಂಡು ಇವು ನಮ್ಮ ಕಣ್ಮುಂದೆ ನಿಲ್ಲುತ್ತವೆ. ಕುಳಿತು ಆಡುವ ಆಟಗಳನ್ನು ಮುದುಕರ ಕಾಲಕ್ಷೇಪವೆಂದೋ ಮಕ್ಕಳ ಹುಡುಗಾಟವೆಂದೋ ತಳ್ಳಿಹಾಕುವುದು ವಾಡಿಕೆ. ಆದರೆ ಈ ಎರಡನೆಯ ಬಗೆಯಲ್ಲಿ ವಿಚಾರಕ್ಕೆ ತಕ್ಕ ಒಂದು ವಿಶೇಷವಾದ ಕುಲವಿದೆ. ಅದರಲ್ಲಿ ಆಡುವವನು ತಾನೇ ಓಡಿ ಹೋರಾಡುವುದು ಕಡಮೆ. ತನ್ನ ಮಾತನ್ನು ಕೇಳುವ ಅನೇಕ ಜೀವಿಗಳನ್ನು ಹೂಡಿ, ನಡೆಸಿ, ಅವುಗಳ ಮೂಲಕ ಗೆಲ್ಲುತ್ತಾನೆ. ಇವನ್ನು ಆಜ್ಞೆಯ ಆಟಗಳೆಂದು ಕರೆಯಬಹುದು. ನಮ್ಮ ಹಳ್ಳಿಗಳ ಆಡು-ಹುಲಿ ಈ ಕುಲಕ್ಕೆ ಸೇರಿದ್ದು. ೨೦೨೩ರಲ್ಲಿ ಜಪಾನಿನಿಂದ ಬಂದ 'ಪಿಕ್ಮಿನ್ ೪' ಎಂಬ ವಿಡಿಯೋ ಆಟವೂ ಇದೇ ಕುಲಕ್ಕೆ ಸೇರಿದ್ದು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಇತರರನ್ನು ನಡೆಸುವವನ ಹೊಣೆ ಎಂತಹುದು ಎಂಬುದು ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಆಟಗಳು ಅಧ್ಯಯನಕ್ಕೆ ತಕ್ಕ ವಸ್ತುವೇ ಎಂದು ಯಾರಾದರೂ ಕೇಳಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಹಾಗೆ ಸಂದೇಹಿಸಲಿಲ್ಲ. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ದೇವತೆಗಳಿಗೆ ಸ್ಥಾನವಿರುವಂತೆಯೇ 'ಕೌತುಕನಿಧಿ'ಯಲ್ಲಿ ಮಣೆಯಾಟಗಳಿಗೂ ಸ್ಥಾನವುಂಟು. ಅರಸರಿಗೆ ಸಲ್ಲುವ ವಿಷಯ ವಿದ್ಯಾರ್ಥಿಗಳಿಗೆ ಸಲ್ಲದೆ ಹೋಗಲಾರದು.

ಮೊದಲು ಆಡು-ಹುಲಿಯನ್ನು ತೆಗೆದುಕೊಳ್ಳೋಣ. ಕೂಟಗಲ್ಲಿನಂತಹ ಬಂಡೆಗಳ ಸೀಮೆಯಲ್ಲಿ ಇದಕ್ಕೆ ಮಣೆಯನ್ನು ಹುಡುಕಬೇಕಾದುದಿಲ್ಲ. ಚಪ್ಪಟೆಯಾದ ಒಂದು ಕಲ್ಲು, ಗೆರೆ ಎಳೆಯಲು ಒಂದು ಇದ್ದಿಲ ಚೂರು, ಕಾಯಿಗಳಿಗೆ ಹುಣಿಸೆ ಬೀಜ ಮತ್ತು ಬೆಣಚುಕಲ್ಲು ಇದ್ದರೆ ಸಾಕು. ಗೆರೆಗಳೆಲ್ಲ ಒಂದು ತ್ರಿಕೋಣದ ಆಕಾರದಲ್ಲಿ ಕೂಡುತ್ತವೆ. ಅವು ಸಂಧಿಸುವ ಮನೆಗಳು ೨೩. ಒಬ್ಬನದು ೩ ಹುಲಿ, ಇನ್ನೊಬ್ಬನದು ೧೫ ಆಡು. ಊರಿಂದೂರಿಗೆ ನಿಯಮಗಳು ತುಸು ಬದಲಾಗುವುದುಂಟು. ಸಾಮಾನ್ಯವಾಗಿ ನಡೆಯುವುದು ಹೀಗೆ. ಆಡಿನವನು ಒಂದೊಂದಾಗಿ ಆಡುಗಳನ್ನು ಮನೆಗಳಲ್ಲಿ ಇಡುತ್ತ ಹೋಗಬೇಕು. ಎಲ್ಲ ಆಡುಗಳನ್ನೂ ಇಟ್ಟು ಮುಗಿಯುವವರೆಗೆ ಒಂದನ್ನೂ ಕದಲಿಸುವಂತಿಲ್ಲ. ಹುಲಿಗೋ ಮೊದಲಿನಿಂದಲೂ ನಡೆಯುವ ಸ್ವಾತಂತ್ರ್ಯವಿದೆ. ಪಕ್ಕದ ಮನೆಯಲ್ಲಿ ಆಡಿದ್ದು, ಅದೇ ಗೆರೆಯಲ್ಲಿ ಅದರ ಹಿಂದಿನ ಮನೆ ಬರಿದಾಗಿದ್ದರೆ, ಹುಲಿ ಹಾರಿ ಆಡನ್ನು ತಿನ್ನುತ್ತದೆ. ಆಡು ಯಾರನ್ನೂ ತಿನ್ನಲಾರದು. ಮೂರು ಹುಲಿಗಳನ್ನೂ ಕದಲದಂತೆ ಕಟ್ಟಿಹಾಕಿದರೆ ಆಡುಗಳಿಗೆ ಜಯ.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಆಡಿಗೆ ಹಲ್ಲಿಲ್ಲ, ಉಗುರಿಲ್ಲ. ಅದರ ಬಲವೆಲ್ಲ ಅದರ ಹಿಂದೆ ನಿಂತ ಇನ್ನೊಂದು ಆಡಿನಲ್ಲಿದೆ. ಬೆನ್ನಿಗೆ ಜೊತೆಯಿರುವ ಆಡನ್ನು ಹುಲಿ ಆ ದಿಕ್ಕಿನಿಂದ ಮುಟ್ಟಲಾರದು. ಆದಕಾರಣ ಬಲ್ಲವರು ಮೊದಲು ಅಂಚಿನ ಮನೆಗಳನ್ನು ತುಂಬಿ, ಅಲ್ಲಿಂದ ಒಳಕ್ಕೆ ಬರುತ್ತಾರೆ. ಲೆಕ್ಕವನ್ನೂ ನೋಡಿ: ೧೫ ಆಡು, ೩ ಹುಲಿ ಸೇರಿದರೆ ೧೮, ೨೩ ಮನೆಗಳಲ್ಲಿ ಬರಿದಾಗಿ ಉಳಿಯುವುದು ೫ ಮಾತ್ರ. ಒಂದು ಆಡು ಸತ್ತರೆ ಬರಿಯ ಮನೆ ೬ ಆಗುತ್ತದೆ. ಎಂದರೆ, ಒಂದು ಆಡಿನ ನಷ್ಟವು ಬರಿಯ ಒಂದರ ನಷ್ಟವಲ್ಲ. ಅದು ಹುಲಿಗೆ ಕೊಟ್ಟ ಒಂದು ಬಾಗಿಲು. ನಾಲ್ಕೈದು ಆಡು ಹೋದ ಮೇಲೆ ಎಷ್ಟೇ ಜಾಣನಾದರೂ ಹುಲಿಯನ್ನು ಕಟ್ಟುವುದು ಕಷ್ಟ. ನೇಪಾಳದಲ್ಲಿ ೪ ಹುಲಿ, ೨೦ ಆಡುಗಳನ್ನು ೨೫ ಮನೆಗಳ ಮೇಲೆ ಆಡುವ 'ಬಾಘ್ ಚಾಲ್' ಎಂಬ ಆಟವಿದೆ. ಅಲ್ಲಿಯೂ ತತ್ತ್ವ ಇದೇ.

ಇನ್ನು ಪಿಕ್ಮಿನ್. ಈ ಆಟವನ್ನು ಕಲ್ಪಿಸಿದವರು ನಿಂಟೆಂಡೊ ಸಂಸ್ಥೆಯ ಶಿಗೆರು ಮಿಯಾಮೊಟೊ. ತೋಟದಲ್ಲಿ ಇರುವೆಗಳು ಸಾಲುಗಟ್ಟಿ ಹೊರೆ ಹೊರುವುದನ್ನು ಕಂಡದ್ದು ಇದಕ್ಕೆ ಪ್ರೇರಣೆಯೆಂದು ಅವರು ಹೇಳಿದ್ದುಂಟು. ಮೊದಲ ಆಟ ೨೦೦೧ರಲ್ಲಿ ಬಂತು. ನಾಲ್ಕನೆಯದು ೨೦೨೩ರ ಜುಲೈ ತಿಂಗಳಲ್ಲಿ. ಪಿಕ್ಮಿನ್ ಎಂದರೆ ಬೆರಳುದ್ದದ ಜೀವಿ. ಮಣ್ಣಿನಲ್ಲಿ ಹೂತು ತಲೆಯ ಮೇಲಿನ ಎಲೆಯನ್ನು ಮಾತ್ರ ಹೊರಗೆ ಚಾಚಿರುತ್ತದೆ. ಮೂಲಂಗಿ ಕೀಳುವಂತೆ ಕಿತ್ತರೆ ಎದ್ದು ಹಿಂದೆ ಬರುತ್ತದೆ. ಬಣ್ಣಕ್ಕೊಂದು ಗುಣ: ಕೆಂಪಿನವು ಬೆಂಕಿಗೆ ಹೆದರವು, ನೀಲಿಯವು ನೀರಿನಲ್ಲಿ ಮುಳುಗವು, ಹಳದಿಯವು ವಿದ್ಯುತ್ತನ್ನು ತಾಳಬಲ್ಲವು. ಆಡುವವನು ಒಬ್ಬ ಪುಟ್ಟ ನಾಯಕ. ಅವನು ಇವನ್ನು ಎಸೆದು, ಕೂಗಿ ಕರೆದು, ಹಂಚಿ ಕೆಲಸ ಮಾಡಿಸಬೇಕು. ಒಂದು ಹೊರೆಯ ಬಳಿ ಅದನ್ನು ಎತ್ತಲು ಎಷ್ಟು ಬಲ ಬೇಕೆಂಬ ಅಂಕೆ ತೋರುತ್ತದೆ. ಅಷ್ಟು ಜನ ಕೂಡದಿದ್ದರೆ ಹೊರೆ ಏಳದು. ನಾಲ್ಕನೆಯ ಆಟದಲ್ಲಿ ಮೊದಲು ೨೦ ಪಿಕ್ಮಿನ್‌ಗಳನ್ನು ಮಾತ್ರ ಕರೆದೊಯ್ಯಬಹುದು. ಕ್ರಮೇಣ ಆ ಮಿತಿ ೧೦೦ರವರೆಗೆ ಏರುತ್ತದೆ.

ಈ ಆಟದ ಕೇಂದ್ರದಲ್ಲಿ 'ದಾಂದೊರಿ' ಎಂಬ ಒಂದು ಜಪಾನೀ ಮಾತಿದೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾರು ಎಲ್ಲಿ, ಎಷ್ಟು ಹೊತ್ತು ಎಂದು ಮುಂದಾಗಿ ಹೊಂದಿಸಿಕೊಳ್ಳುವ ಜಾಣ್ಮೆಯೇ ದಾಂದೊರಿ. ಹೆಸರು ದೂರದ್ದಾದರೂ ವಿಷಯ ನಮ್ಮ ಸೀಮೆಯವರಿಗೆ ಹೊಸದಲ್ಲ. ರಾಮನಗರದ ಸುತ್ತಿನ ರೇಷ್ಮೆ ಬೆಳೆಗಾರರ ಮನೆಯನ್ನು ನೋಡಿದವರು ಒಪ್ಪುತ್ತಾರೆ. ೧೦೦ ಮೊಟ್ಟೆ ಸಾಕಿದೆವೆಂದರೆ ಸುಮಾರು ೪೦,೦೦೦ ಹುಳುಗಳ ಹೊಣೆ ಹೊತ್ತಂತೆ. ಏಕೆಂದರೆ ಬೆಳೆಗಾರರ ಮಾತಿನಲ್ಲಿ ಒಂದು ಮೊಟ್ಟೆಯೆಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳಷ್ಟೂ ಸೇರಿ ಒಂದು. ನಾಲ್ಕು ಜ್ವರ, ಐದು ಹಂತ, ಸುಮಾರು ೨೫ ದಿನದ ಬಾಳು. ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಖರ್ಚಾಗುವುದು ಕೊನೆಯ ಹಂತದಲ್ಲಿಯೇ. ಆ ದಿನಗಳಿಗೆ ಹಿಪ್ಪುನೇರಳೆ ಸೊಪ್ಪು, ಆಳು, ಚಂದ್ರಿಕೆ ಮೂರನ್ನೂ ಮೊದಲೇ ಹೊಂದಿಸಿಟ್ಟುಕೊಳ್ಳಬೇಕು. ಹುಳು ಹಣ್ಣಾದ ಹೊತ್ತಿಗೆ ಚಂದ್ರಿಕೆ ಸಿದ್ಧವಿರದಿದ್ದರೆ, ಅದು ನೂಲುವುದನ್ನು ನಮಗಾಗಿ ನಿಲ್ಲಿಸಿಕೊಂಡು ಕಾಯುವುದಿಲ್ಲ. ಊಜಿ ನೊಣ ಒಳನುಗ್ಗದಂತೆ ಕಿಟಕಿಗಳಿಗೆ ಬಲೆಯೂ ಬೇಕು. ಇದಕ್ಕಿಂತ ದೊಡ್ಡ ದಾಂದೊರಿ ಯಾವುದಿದೆ?

ಪಿಕ್ಮಿನ್ ಆಟದಲ್ಲಿ ಸಂಜೆ ಎಂಬುದು ಭಯದ ಹೊತ್ತು. ಸೂರ್ಯ ಮುಳುಗುವುದರೊಳಗೆ ಎಲ್ಲವನ್ನೂ ಒಟ್ಟುಗೂಡಿಸಿ ಬೀಡಿಗೆ ತರಬೇಕು. ಎಲ್ಲಿಯೋ ಮರೆತು ಬಿಟ್ಟುಬಂದವು ಇರುಳಿನ ಪ್ರಾಣಿಗಳ ಬಾಯಿಗೆ ಬೀಳುತ್ತವೆ. ದಿನದ ಕೊನೆಯಲ್ಲಿ ಸತ್ತವುಗಳ ಲೆಕ್ಕ ಎದುರಿಗೆ ಬರುತ್ತದೆ. ಆಡು-ಹುಲಿಯಲ್ಲಿ ತಿಂದ ಆಡನ್ನು ಹುಲಿಯವನು ತನ್ನ ಬಳಿ ಕೂಡಿಟ್ಟುಕೊಳ್ಳುವುದೂ ಇಂತಹ ಲೆಕ್ಕವೇ. ನಡೆಸುವವನು ಎಣಿಸಬೇಕು, ಎಣಿಸದವನಿಗೆ ನಡೆಸುವ ಅಧಿಕಾರವಿಲ್ಲ. ಆಜ್ಞೆಯ ಆಟಗಳ ಮೊದಲ ಪಾಠ ಇದು.

ಆದರೆ ಎಣಿಕೆಯೊಂದೇ ಸಾಲದು. ನಾಲ್ಕನೆಯ ಪಿಕ್ಮಿನ್ ಆಟ ಹಿಂದಿನ ಮೂರರಲ್ಲಿ ಇಲ್ಲದ ಒಂದು ಜೀವಿಯನ್ನು ತಂದಿದೆ. ಅದು ಎರಡು ಕಾಲಿನ, ನಾಯಿಯಂತಹ ಪ್ರಾಣಿ, ಹೆಸರು ಓಚಿ. ಅದು ನಾಯಕನನ್ನೂ ಪಿಕ್ಮಿನ್‌ಗಳನ್ನೂ ಬೆನ್ನ ಮೇಲೆ ಹೊತ್ತು ನೀರು ದಾಟುತ್ತದೆ, ವಾಸನೆ ಹಿಡಿದು ಕಳೆದುಹೋದವರನ್ನು ಹುಡುಕುತ್ತದೆ, ಶತ್ರುವಿಗೆ ಡಿಕ್ಕಿ ಹೊಡೆಯುತ್ತದೆ, ಅನೇಕ ಪಿಕ್ಮಿನ್‌ಗಳು ಹೊರುವ ಹೊರೆಯನ್ನು ಒಂಟಿಯಾಗಿ ಎಳೆಯುತ್ತದೆ. ಆದರೆ ಇದೆಲ್ಲ ಮೊದಲ ದಿನವೇ ಪೂರ್ತಿಯಾಗಿ ಬರುವುದಿಲ್ಲ, ಕಲಿಸಬೇಕು. ನಾಯಕನು ಒಂದು ಕಡೆ, ಓಚಿ ಇನ್ನೊಂದು ಕಡೆ ಬೇರೆಬೇರೆ ಕೆಲಸಕ್ಕೆ ಹೋಗಲೂಬಹುದು. ನೂರು ಪಿಕ್ಮಿನ್‌ಗಳಿಗೆ ಬಣ್ಣವಿದೆ, ಎಣಿಕೆಯಿದೆ, ಹೆಸರಿಲ್ಲ. ಓಚಿಗೆ ಹೆಸರಿದೆ. ಪಿಕ್ಮಿನ್‌ಗಳನ್ನು ನಾವು ಬಳಸುತ್ತೇವೆ, ಓಚಿಯೊಡನೆ ಹೋಗುತ್ತೇವೆ. ಆಡು-ಹುಲಿಯ ಕುರುಬನಿಗೆ ಇಂತಹ ನಾಯಿಯನ್ನು ನಮ್ಮ ಹಿರಿಯರು ಕೊಡಲಿಲ್ಲ. ಹದಿನೈದು ಆಡುಗಳೂ ಅಲ್ಲಿ ಒಂದೇ.

ಹಾಗೆಂದು ಹೆಸರುಳ್ಳ ಒಡನಾಡಿಯ ಬೆಲೆ ನಮ್ಮವರಿಗೆ ತಿಳಿಯದೆ ಇರಲಿಲ್ಲ. ಚನ್ನಪಟ್ಟಣ ದಾಟಿದರೆ ಮದ್ದೂರು ತಾಲ್ಲೂಕು. ಅಲ್ಲಿನ ಆತಕೂರಿನಲ್ಲಿ ದೊರೆತ ಶಾಸನ ಕನ್ನಡ ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಕಾಲ ಶಕ ೮೭೨, ಎಂದರೆ ಕ್ರಿ. ಶ. ೯೪೯–೫೦. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಚೋಳರೂ ತಕ್ಕೋಲದಲ್ಲಿ ಕಾದಿದಾಗ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಬೂತುಗನ ಭಟನಾದ ಮಣಲೇರನು ಮೆಚ್ಚುವಂತೆ ಹೋರಾಡಿದನು. 'ಬೇಕಾದುದನ್ನು ಕೇಳು' ಎಂದಾಗ ಅವನು ಬೇಡಿದ್ದು ಒಡೆಯನ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಆಮೇಲೆ ಒಂದು ದಿನ ಅದನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಕಾದಿ ಒಟ್ಟಿಗೇ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿಯನ್ನೂ ಬಿಟ್ಟನು. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಅಲ್ಲಿನ ಗೊರವನು ಉಣ್ಣಬಾರದೆಂಬ ಕಟ್ಟಳೆಯೂ ಉಂಟು. ಹಂದಿ-ನಾಯಿಗಳ ಕಾಳಗವನ್ನು ಕೆತ್ತಿದ ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿಸಲಾಗಿದೆ.

ಯೋಚಿಸಿ ನೋಡಿರಿ. ತಕ್ಕೋಲದ ರಣರಂಗದಲ್ಲಿ ಬಿದ್ದ ಸಾಮಾನ್ಯ ಸೈನಿಕರ ಹೆಸರುಗಳನ್ನು ಆ ಕಲ್ಲು ಹೇಳುವುದಿಲ್ಲ. ಅವರು ಎಣಿಕೆಗೆ ಸೇರಿಹೋದರು. ಒಂದು ನಾಯಿಯ ಹೆಸರು ಮಾತ್ರ ಸಾವಿರ ವರ್ಷ ದಾಟಿ ನಮ್ಮವರೆಗೆ ಬಂದಿದೆ. ಏಕೆಂದರೆ ಅದನ್ನು ಹೆಸರಿಟ್ಟು ಕರೆಯುತ್ತಿದ್ದ ಒಬ್ಬನಿದ್ದನು. ಅದನ್ನು ಹಂದಿಯ ಮೇಲೆ ಬಿಟ್ಟದ್ದೂ ಆಜ್ಞೆಯೇ. ಆದರೆ ಆಜ್ಞೆಯ ಫಲವನ್ನು ಹೊತ್ತು, ಸತ್ತದ್ದಕ್ಕೆ ಕಲ್ಲು ನಿಲ್ಲಿಸಿದ್ದು ಒಡನಾಟ.

ಇಂತಹ ಹೊಸ ಆಟಗಳ ಮೇಲಿನ ಆಕ್ಷೇಪಗಳನ್ನು ಮರೆಮಾಚಬೇಕಾದುದಿಲ್ಲ. ಮೊದಲನೆಯದು, ಇವು ಎಲ್ಲರ ಕೈಗೆಟುಕುವ ಬೆಲೆಯವಲ್ಲ. ಆಡು-ಹುಲಿಗೆ ಇದ್ದಿಲು ಸಾಕಾದರೆ ಇದಕ್ಕೆ ಯಂತ್ರವೇ ಬೇಕು. ಎರಡನೆಯದು, ಹೊತ್ತು ನುಂಗುವ ಗುಣ. ಪರೀಕ್ಷೆಯ ದಿನಗಳಲ್ಲಿ ಇದನ್ನು ದೂರವಿಡುವುದೇ ಒಳ್ಳೆಯ ದಾಂದೊರಿ. ಮೂರನೆಯದು ಹೆಚ್ಚು ವಿಚಾರಾರ್ಹವಾದದ್ದು. ಪಿಕ್ಮಿನ್ ೪ರಲ್ಲಿ ಅನಾಹುತವಾದರೆ ಕಾಲವನ್ನು ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತಿನ ಮುಂಚಿನ ಸ್ಥಿತಿಯಿಂದ ಮತ್ತೆ ಆಡುವ ಸೌಕರ್ಯವಿದೆ. ಕಲಿಯುವವನಿಗೆ ಇದು ಉಪಕಾರಿ ಎಂಬುದು ನಿಜ: ಎಲ್ಲಿ ಕೆಟ್ಟಿತೆಂದು ತಿಳಿದು ತಿದ್ದಿಕೊಳ್ಳಬಹುದು. ಆದರೆ ಸತ್ತ ನೂರು ಗುಂಡಿ ಒತ್ತಿದೊಡನೆ ಎದ್ದು ಬಂದರೆ, ಸಂಜೆಯ ಆ ಲೆಕ್ಕಕ್ಕೆ ತೂಕವೆಲ್ಲಿಯದು? ಬಂಡೆಯ ಮೇಲೆ ಇಟ್ಟ ಆಡು ಇಟ್ಟದ್ದೇ. ಕೈ ತೆಗೆದ ಮೇಲೆ ಎದುರಾಳಿ ಮರಳಿ ಮುಟ್ಟಗೊಡನು. ಹೊತ್ತಿಗೆ ಸೊಪ್ಪು ಕಾಣದ ಹುಳುವೂ ಎರಡನೆಯ ಅವಕಾಶ ಕೊಡುವುದಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಹಳೆಯ ಆಟ ಹೊಸದಕ್ಕಿಂತ ಬದುಕಿಗೆ ಹತ್ತಿರವಾಗಿದೆ. ಹೊಸದನ್ನು ಆಡುವವರು ಆ ಸೌಕರ್ಯವನ್ನು ಮುಟ್ಟದೆ ಒಂದು ಸಲ ಆಡಿ ನೋಡಬೇಕು. ಪ್ರತಿಯೊಂದು ಪಿಕ್ಮಿನ್‌ನ ಬೆಲೆ ಆಗ ತಿಳಿಯುತ್ತದೆ. ಹೆಸರುಳ್ಳ ಒಡನಾಡಿಯ ವಿಷಯದಲ್ಲಿ ಮಾತ್ರ ಹೊಸ ಆಟವೇ ಒಂದು ಹೆಜ್ಜೆ ಮುಂದಿದೆ.

ನಮ್ಮಲ್ಲಿ ಕೆಲವರು ನಾಳೆ ಉಪಾಧ್ಯಾಯರಾಗುವವರು, ಕೆಲವರು ಪಂಚಾಯಿತಿಗೋ ಕಚೇರಿಗೋ ಹೋಗುವವರು, ಕೆಲವರು ಆಳುಕಾಳುಗಳನ್ನಿಟ್ಟುಕೊಂಡು ಬೇಸಾಯ ಮಾಡುವವರು. ಯಾವ ದಾರಿ ಹಿಡಿದರೂ ಇತರರನ್ನು ನಡೆಸುವ ಭಾರ ಒಂದಲ್ಲ ಒಂದು ದಿನ ಹೆಗಲಿಗೆ ಬರುತ್ತದೆ. ಆಗ ಜನರನ್ನು ಬರಿಯ ಅಂಕೆಯಾಗಿ ಕಂಡರೆ ಕ್ರೌರ್ಯಕ್ಕೆ ದಾರಿ. ಅಂಕೆಯನ್ನೇ ಮರೆತು ಹತ್ತಿರದ ಒಬ್ಬಿಬ್ಬರ ಹೆಸರನ್ನು ಮಾತ್ರ ಹಿಡಿದರೆ ಪಕ್ಷಪಾತಕ್ಕೆ ದಾರಿ. ಓಚಿ ಬಲಶಾಲಿಯೆಂದು ಎಲ್ಲ ಕೆಲಸವನ್ನೂ ಅದಕ್ಕೇ ಒಪ್ಪಿಸಿ ನೂರು ಪಿಕ್ಮಿನ್‌ಗಳನ್ನು ಸುಮ್ಮನೆ ನಿಲ್ಲಿಸಿದ ಆಟಗಾರನೂ ಹೊತ್ತು ಕಳೆಯುತ್ತಾನೆ. ಎರಡೂ ಕೂಡಿ ಇರಬೇಕು. ನಮ್ಮ ತರಗತಿಯ ಹಾಜರಿ ಪುಸ್ತಕವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅದರ ಪ್ರತಿಯೊಂದು ಸಾಲಿನಲ್ಲಿಯೂ ಮೊದಲು ಒಂದು ಸಂಖ್ಯೆ, ಅದರ ಪಕ್ಕದಲ್ಲಿಯೇ ಒಂದು ಹೆಸರು ಇದೆ. ಸಂಖ್ಯೆಯನ್ನು ಕೂಗಿದರೂ ಹಾಜರಿ ಮುಗಿಯುತ್ತದೆ. ಹೆಸರನ್ನು ಕೂಗುವ ಗುರುಗಳು ಯಾರೆಂಬುದು ನಮಗೆಲ್ಲರಿಗೂ ನೆನಪಿರುತ್ತದೆ.