ಕಂಪ್ಯೂಟರ್ ಇಂಜಿನಿಯರಿಂಗ್: ಸಾಲ ಎಷ್ಟು, ಸಂಬಳ ಎಷ್ಟು?



ಹತ್ತನೇ ತರಗತಿ ಆದ ಮೇಲೆ ಏನು ಓದ್ತೀಯ ಎಂದು ಕೇಳಿದರೆ ನಮ್ಮಲ್ಲಿ ಬಹಳ ಜನ "ಕಂಪ್ಯೂಟರ್ ಸೈನ್ಸ್" ಎನ್ನುತ್ತೇವೆ. ಅದಕ್ಕೆ ಆಶ್ಚರ್ಯವಿಲ್ಲ. ಚಿಕ್ಕಬಳ್ಳಾಪುರದಿಂದ ಬೆಂಗಳೂರು 60 ಕಿ.ಮೀ. ಅಷ್ಟೆ. ಆದರೆ ದುಡ್ಡು ಎಲ್ಲಿಂದ ಅಂದ್ರೆ, "ಬ್ಯಾಂಕಿನಲ್ಲಿ ಲೋನ್ ಕೊಡ್ತಾರಂತೆ" ಎನ್ನುವಲ್ಲಿಗೆ ಮಾತು ನಿಂತುಹೋಗುತ್ತದೆ. ಅದರ ಮುಂದಿನ ಲೆಕ್ಕವನ್ನು ಇಲ್ಲಿ ಮಾಡಿ ನೋಡೋಣ. ಸರಳ ಬಡ್ಡಿಯ ಸೂತ್ರ ನೆನಪಿದ್ದರೆ ಸಾಕು.

ಒಬ್ಬ ವಿದ್ಯಾರ್ಥಿ ಬಿ.ಇ. ಓದಲು ವರ್ಷಕ್ಕೆ 1,50,000 ರೂಪಾಯಿಯಂತೆ 4 ವರ್ಷ ಸಾಲ ತೆಗೆದ ಎಂದಿಟ್ಟುಕೊಳ್ಳಿ. ಒಟ್ಟು 6 ಲಕ್ಷ. ಬಡ್ಡಿ ವರ್ಷಕ್ಕೆ ನೂರಕ್ಕೆ 10. ಓದುವ 4 ವರ್ಷ ಮತ್ತು ಆಮೇಲೆ 1 ವರ್ಷ ಕಂತು ಕಟ್ಟಬೇಕಾಗಿಲ್ಲ. ಇಲ್ಲೇ ಎಲ್ಲರೂ ತಪ್ಪು ತಿಳಿಯುವುದು. ಕಂತು ಇಲ್ಲ ಅಂದ್ರೆ ಬಡ್ಡಿಯೂ ಇಲ್ಲ ಎಂದಲ್ಲ. ಹುಳು ಮನೆಯಲ್ಲಿ ಹುಳು ರಾತ್ರಿಯೂ ಸೊಪ್ಪು ತಿನ್ನುವ ಹಾಗೆ ಬಡ್ಡಿ ಸುಮ್ಮನೆ ಬೆಳೆಯುತ್ತಾ ಇರುತ್ತದೆ.

ಮೊದಲ ವರ್ಷದ ಹಣಕ್ಕೆ 5 ವರ್ಷದ ಬಡ್ಡಿ 75,000. ಎರಡನೇ ವರ್ಷದ್ದಕ್ಕೆ 4 ವರ್ಷ, 60,000. ಮೂರನೆಯದಕ್ಕೆ 45,000. ನಾಲ್ಕನೆಯದಕ್ಕೆ 30,000. ಕೂಡಿಸಿದರೆ 2,10,000. ಅಂದರೆ ಕಂತು ಶುರುವಾಗುವ ದಿನ ಸಾಲ 6 ಲಕ್ಷ ಅಲ್ಲ, 8,10,000 ರೂಪಾಯಿ. ಅದನ್ನು 10 ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 10,700. ಒಟ್ಟು ಕಟ್ಟುವುದು 12,84,000ಕ್ಕೂ ಹೆಚ್ಚು. "15 ವರ್ಷ ಹಾಕಿ ಸಾರ್, ಕಂತು ಕಡಿಮೆ ಆಗುತ್ತೆ" ಎಂದರೆ ಕಂತೇನೋ 8,700ಕ್ಕೆ ಇಳಿಯುತ್ತದೆ, ಒಟ್ಟು ಮೊತ್ತ 15,66,000 ದಾಟುತ್ತದೆ.

ಈಗ ಸಂಬಳದ ಕಡೆ ಬರೋಣ. ಪತ್ರಿಕೆಯಲ್ಲಿ ಬರುವುದು ಕೋಟಿ ಪ್ಯಾಕೇಜ್ ಸಿಕ್ಕವರ ಫೋಟೋ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳು ಸಾವಿರಾರು ಹೊಸಬರನ್ನು ತೆಗೆದುಕೊಳ್ಳುವಾಗ ಕೊಡುವುದು ವರ್ಷಕ್ಕೆ ಸುಮಾರು 3.5 ಲಕ್ಷ. 2010ರ ಆಸುಪಾಸಿನಲ್ಲೂ ಅದು 3 ಲಕ್ಷದ ಮೇಲೇ ಇತ್ತು. ಅಂದಿನಿಂದ ಕಾಲೇಜು ಶುಲ್ಕ, ರೂಮಿನ ಬಾಡಿಗೆ ಎಲ್ಲಿಗೆ ಹೋಗಿದೆ ಎಂದು ನಿಮ್ಮ ಅಣ್ಣ ಅಕ್ಕಂದಿರನ್ನು ಕೇಳಿ.

ಪ್ಯಾಕೇಜ್ ಎಂಬ ಮಾತನ್ನೂ ಬಿಡಿಸಿ ನೋಡಬೇಕು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಕೆ.ಜಿ.ಗೆ ಎಷ್ಟಕ್ಕೆ ಹೋಯಿತು ಎನ್ನುವುದು ಲಾಭ ಅಲ್ಲವಲ್ಲ! ಚಾಕಿ ಹುಳು, ಸೊಪ್ಪು, ಕೂಲಿ, ಆಟೋ ಬಾಡಿಗೆ ಕಳೆದ ಮೇಲೆ ಉಳಿದದ್ದು ಮನೆಗೆ. ಹಾಗೆಯೇ ಪ್ಯಾಕೇಜಿನಲ್ಲಿ ಪಿ.ಎಫ್., ಗ್ರಾಚ್ಯುಟಿ, ವಿಮೆ, ಕೆಲಸ ನೋಡಿ ಕೊಡುವ ಹಣ ಎಲ್ಲವೂ ಸೇರಿರುತ್ತವೆ. 3.5 ಲಕ್ಷದಲ್ಲಿ ತಿಂಗಳಿಗೆ ಕೈಗೆ ಬರುವುದು 25,000 ಎಂದು ಹಿಡಿಯೋಣ. ಬೆಂಗಳೂರಿನ ಪಿ.ಜಿ.ಗೆ ಊಟ ಸೇರಿ 9,000, ಬಸ್ಸು, ಫೋನು, ಸೋಪು, ಔಷಧಿಗೆ 3,000 ಕಳೆಯಿರಿ. ಉಳಿದದ್ದು 13,000. ಅದರಲ್ಲಿ ಬ್ಯಾಂಕಿಗೆ 10,700. ಮಿಕ್ಕಿದ್ದು 2,300. ಇದರಲ್ಲೇ ಅಮ್ಮನಿಗೆ ಹಬ್ಬಕ್ಕೆ ಸೀರೆ ತರಬೇಕು, ತಂಗಿಯ ಫೀಸಿಗೂ ಕೊಡಬೇಕು.

ಇದು ಕೆಲಸ ಸಕಾಲಕ್ಕೆ ಸಿಕ್ಕಾಗಿನ ಲೆಕ್ಕ. 2022ರಲ್ಲಿ ಆಫರ್ ಲೆಟರ್ ಪಡೆದವರಲ್ಲಿ ಕೆಲವರಿಗೆ 2024ರವರೆಗೂ ಕೆಲಸಕ್ಕೆ ಕರೆ ಬರಲಿಲ್ಲ. ಬ್ಯಾಂಕಿನ ಒಂದು ವರ್ಷ ಮಾತ್ರ ಕಂಪನಿಗಾಗಿ ಕಾಯುವುದಿಲ್ಲ. ಸಾಲದ ಪತ್ರಕ್ಕೆ ತಂದೆ ಅಥವಾ ತಾಯಿಯೂ ಸಹಿ ಹಾಕಿರುತ್ತಾರೆ. ಕಂತು ತಪ್ಪಿದರೆ ಅವರ ಹೆಸರೂ ಕೆಡುತ್ತದೆ, ನಾಳೆ ಅವರ ಬೆಳೆ ಸಾಲಕ್ಕೂ ತೊಂದರೆ.

ಹಾಗಾದರೆ ಸಾಲ ಮಾಡಿ ಓದಲೇಬಾರದೇ? ನಾನು ಹಾಗೆ ಹೇಳುವುದಿಲ್ಲ. ಮೂರು ನಾಲ್ಕು ವರ್ಷ ಅನುಭವವಾದರೆ ಕೆಲಸ ಬಲ್ಲವರ ಸಂಬಳ ಏರುತ್ತದೆ, ಕಂತು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಕಷ್ಟ ಮೊದಲ ಎರಡು ಮೂರು ವರ್ಷದ್ದು. ಬದಲಾಗುವ ಬಡ್ಡಿಯ ಸಾಲವಾದರೆ ಮುಂಚೆಯೇ ತೀರಿಸಿದರೂ ದಂಡವಿಲ್ಲ. ನೋಡಬೇಕಾದದ್ದು ಸಾಲವನ್ನು ಎಲ್ಲಿ ಕಡಿಮೆ ಮಾಡಬಹುದು ಎಂದು.

ಮೊದಲನೆಯದು ಸೀಟು. ಒಂದೇ ಕಾಲೇಜು, ಒಂದೇ ಬೆಂಚು, ಒಂದೇ ಪದವಿ. ಆದರೆ ಸಿ.ಇ.ಟಿ. ಸೀಟಿಗೆ ಒಂದು ಶುಲ್ಕ, ಕಾಮೆಡ್‌ಕೆಗೆ ಇನ್ನೊಂದು, ಮ್ಯಾನೇಜ್‌ಮೆಂಟ್ ಸೀಟಿಗೆ ಮತ್ತೊಂದು. ಸಂಬಳ ಕೊಡುವ ಕಂಪನಿ ಮಾತ್ರ "ನೀನು ಯಾವ ಸೀಟಿನಲ್ಲಿ ಓದಿದ್ದು?" ಎಂದು ಕೇಳುವುದಿಲ್ಲ. ಜಮೀನು ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವುದು ನನ್ನ ಲೆಕ್ಕಕ್ಕೆ ಹೊಂದುವುದೇ ಇಲ್ಲ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದವರಿಗೆ ಬೋಧನಾ ಶುಲ್ಕವಿಲ್ಲದ ಸೂಪರ್‌ನ್ಯೂಮರರಿ ಸೀಟುಗಳೂ ಶೇ. 5ರಷ್ಟು ಇವೆ. ಅವಕ್ಕೆ ಸಿ.ಇ.ಟಿ. ರ‍್ಯಾಂಕ್ ಬೇಕು, ಆದಾಯ ಪ್ರಮಾಣಪತ್ರ ಸಕಾಲಕ್ಕೆ ಬೇಕು.

ಎರಡನೆಯದು ಬಡ್ಡಿ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದರೆ, ಓದುವ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ 2009ರಲ್ಲಿ ಆರಂಭವಾಯಿತು. ಕಾಲೇಜಿಗೆ ನ್ಯಾಕ್ ಮಾನ್ಯತೆ ಅಥವಾ ಆ ಕೋರ್ಸಿಗೆ ಎನ್.ಬಿ.ಎ. ಮಾನ್ಯತೆ ಇರಬೇಕು. ಅದು ಸಿಕ್ಕಿದರೆ ಮೇಲಿನ 2,10,000 ಇಲ್ಲವಾಗುತ್ತದೆ, ಕಂತು 10,700ರಿಂದ 7,930ಕ್ಕೆ ಇಳಿಯುತ್ತದೆ. ಒಂದು ಕಾಗದಕ್ಕೆ ಇಷ್ಟು ಬೆಲೆ! ಸರ್ಕಾರದ ಸಾಲ ಖಾತರಿ ಯೋಜನೆಯಡಿ 7.5 ಲಕ್ಷದವರೆಗಿನ ಸಾಲಕ್ಕೆ ಜಮೀನು ಅಡ ಇಡಬೇಕಾಗಿಲ್ಲ ಎಂಬುದನ್ನೂ ಮನೆಯಲ್ಲಿ ಹೇಳಿ. ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ "ಅರಿವು" ಸಾಲಕ್ಕಂತೂ ಬಡ್ಡಿ ವರ್ಷಕ್ಕೆ ನೂರಕ್ಕೆ 2 ಮಾತ್ರ. ಊರಲ್ಲಿ "ನೂರಕ್ಕೆ ಮೂರು ರೂಪಾಯಿ" ಎನ್ನುತ್ತಾರಲ್ಲ, ಅದು ತಿಂಗಳಿಗೆ. ವರ್ಷಕ್ಕೆ 36 ಆಯಿತು. ಮೂರು ಎಂದು ಕೇಳಿ ಹತ್ತಕ್ಕಿಂತ ಕಡಿಮೆ ಎಂದುಕೊಳ್ಳಬೇಡಿ.

ಮೂರನೆಯ ದಾರಿ ನನಗೆ ಬಹಳ ಇಷ್ಟವಾದದ್ದು, ನಮ್ಮಲ್ಲಿ ಕಡಿಮೆ ಜನ ಮಾತಾಡುವಂಥದ್ದು. ಅದು ಡಿಪ್ಲೊಮಾ. ಎಸ್.ಎಸ್.ಎಲ್.ಸಿ. ಆದ ಮೇಲೆ ಪಿ.ಯು.ಸಿ. 2 ವರ್ಷ, ಬಿ.ಇ. 4 ವರ್ಷ, ಒಟ್ಟು 6. ಎಸ್.ಎಸ್.ಎಲ್.ಸಿ. ಆದ ಮೇಲೆ ಡಿಪ್ಲೊಮಾ 3 ವರ್ಷ, ಡಿ.ಸಿ.ಇ.ಟಿ. ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಸೇರಿ 3 ವರ್ಷ, ಅದೂ 6. ಕಾಲ ಒಂದೇ, ಆದರೆ ಬಿ.ಇ. ಶುಲ್ಕ ಒಂದು ವರ್ಷದ್ದು ಉಳಿಯಿತು. ಸರ್ಕಾರಿ ಪಾಲಿಟೆಕ್ನಿಕ್ ಶುಲ್ಕ ಖಾಸಗಿ ಇಂಜಿನಿಯರಿಂಗ್ ಶುಲ್ಕದ ಮುಂದೆ ಲೆಕ್ಕಕ್ಕೇ ಇಲ್ಲ. ಗೌರಿಬಿದನೂರು, ಚಿಂತಾಮಣಿಗಳಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇವೆ, ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ ಬರಬಹುದು. ಈ ದಾರಿಯಲ್ಲಿ ಸಾಲ 4.5 ಲಕ್ಷ, ಕಂತು ಶುರುವಾಗುವಾಗ 5,85,000, ತಿಂಗಳಿಗೆ 7,730. ಹತ್ತು ವರ್ಷದಲ್ಲಿ ಒಟ್ಟು ಮೂರೂವರೆ ಲಕ್ಷಕ್ಕೂ ಹೆಚ್ಚು ಉಳಿತಾಯ. ಡಿಪ್ಲೊಮಾ ಮುಗಿದಾಗ ಮನೆಯಲ್ಲಿ ಕಷ್ಟವಾದರೆ ಅಲ್ಲಿಗೇ ನಿಲ್ಲಿಸಿ ಕೆಲಸಕ್ಕೂ ಸೇರಬಹುದು. ಪಿ.ಯು.ಸಿ.ಯಲ್ಲಿ ನಿಂತವರ ಕೈಯಲ್ಲಿ ಅಂಥ ಕಸುಬು ಇರುವುದಿಲ್ಲ. ಆದರೆ ಡಿಪ್ಲೊಮಾದ ಗಣಿತ ಸುಲಭವೇನೂ ಅಲ್ಲ, ಡಿ.ಸಿ.ಇ.ಟಿ.ಯಲ್ಲೂ ಒಳ್ಳೆಯ ಸೀಟಿಗೆ ಪೈಪೋಟಿ ಇದೆ.

ಚಿಕ್ಕಬಳ್ಳಾಪುರದಲ್ಲೇ 1986ರಿಂದ ಎಸ್.ಜೆ.ಸಿ. ಇಂಜಿನಿಯರಿಂಗ್ ಕಾಲೇಜು ಇದೆ. ಮನೆಯಿಂದ ಹೋಗಿ ಬಂದರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ, ಅಂದರೆ ಅಷ್ಟು ಸಾಲ ಕಡಿಮೆ. ಪಕ್ಕದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದ್ದು ಮಕ್ಕಳಿಗೆ ಮನೆಪಾಠ ಹೇಳಿಕೊಂಡು. ಆಮೇಲೆ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ನೆರವಿನಿಂದ.

ಅಭ್ಯಾಸಕ್ಕೆ ಎರಡು ಲೆಕ್ಕ:

1. ವರ್ಷಕ್ಕೆ 1 ಲಕ್ಷದಂತೆ 4 ವರ್ಷ, ನೂರಕ್ಕೆ 2ರ ಸರಳ ಬಡ್ಡಿಯಲ್ಲಿ ಸಾಲ ತೆಗೆದರೆ, ಕೊನೆಯ ಕಂತಿನ ಹಣ ಪಡೆದು 2 ವರ್ಷವಾದಾಗ ಒಟ್ಟು ಎಷ್ಟು ಕೊಡಬೇಕು?

2. ಅದೇ ಹಣವನ್ನು ತಿಂಗಳಿಗೆ ನೂರಕ್ಕೆ 3 ರೂಪಾಯಿಯಂತೆ ಕೈಸಾಲ ತಂದರೆ ಎಷ್ಟು?

ಉತ್ತರವನ್ನು ಚೀಟಿಯಲ್ಲಿ ಬರೆದು ಶುಕ್ರವಾರದೊಳಗೆ ಗಣಿತ ಮೇಷ್ಟ್ರ ಮೇಜಿನ ಮೇಲೆ ಇಡಿ. ಬಿಡಿಸಿದ ಕ್ರಮವೂ ಇರಲಿ.